ಸಂಕ್ರಾಂತಿ ಕಳೆದ ಮೇಲೆ ತಲುಪಿದ ಎಳ್ಳು-ಬೆಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಾನು ಚಿಂತಾಮಣಿಯವಳು. ನಾವು ಹದಿನಾಲ್ಕು ಜನ ಹೆಂಗಸರು ಸೇರಿ ಹಪ್ಪಳ, ಅರಳು ಸಂಡಿಗೆ, ಬಾಳಕದ ಮೆಣಸಿನಕಾಯಿ, ರಾಗಿ ಹುರಿಹಿಟ್ಟು, ಚಟ್ನಿಪುಡಿ ಮಾಡುತ್ತೇವೆ. ಸಂಕ್ರಾಂತಿ ಬಂತೆಂದರೆ ಎಳ್ಳು-ಬೆಲ್ಲ, ಸಕ್ಕರೆ ಅಚ್ಚು. ಶುರುವಾಗಿದ್ದು ಸ್ತ್ರೀಶಕ್ತಿ ಸಂಘದ ಉಳಿತಾಯದ ದುಡ್ಡಿನಿಂದ. ಈಗ ದುಬೈನ ಎರಡು ಅಂಗಡಿಗೆ, ಅಮೆರಿಕದ ನ್ಯೂಜೆರ್ಸಿಯ ಒಂದು ಅಂಗಡಿಗೆ ನಮ್ಮ ಮಾಲು ಹೋಗುತ್ತದೆ. ಮಾಡುವ ಕೈ ಎಲ್ಲರದೂ, ಲೆಕ್ಕ ಮತ್ತು ಸಾಗಾಟದ ಕೆಲಸ ನನ್ನದು.

ನಿಮ್ಮ ಪತ್ರಿಕೆಯಲ್ಲಿ ಈಚೆಗೆ ಓದುಗರೊಬ್ಬರು ಬರೆದಿದ್ದರು. ದೇವನಹಳ್ಳಿ ವಿಮಾನ ನಿಲ್ದಾಣ ನಮ್ಮ ಜಿಲ್ಲೆಯ ಮಗ್ಗುಲಲ್ಲೇ ಇದೆ, ಆದ್ದರಿಂದ ನಾವು ಬೆಳೆದಿದ್ದು ಮಾಡಿದ್ದೆಲ್ಲ ವಿಮಾನ ಹತ್ತಬೇಕು, ಹಡಗನ್ನು ನೆಚ್ಚಿಕೊಂಡರೆ ಹಿಂದೆ ಬೀಳುತ್ತೇವೆ ಎಂದು. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಆ ಮಾತು ನಂಬಿ ಹೊಸದಾಗಿ ಶುರು ಮಾಡುವ ಹೆಣ್ಣುಮಕ್ಕಳು ಕೈ ಸುಟ್ಟುಕೊಳ್ಳಬಾರದು. ಅದಕ್ಕೇ ಈ ಪತ್ರ, ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪೂರ್ತಿ ಪ್ರಕಟಿಸಿ.

ನಿಲ್ದಾಣ ಹತ್ತಿರ ಇದೆ, ನಿಜ. ಬೆಳಗಿನ ಜಾವ ನಮ್ಮ ಘಟಕದಿಂದ ಟೆಂಪೊ ಹೊರಟರೆ ಒಂದೂವರೆ ಗಂಟೆಯಲ್ಲಿ ಕಾರ್ಗೋ ಗೇಟಿನ ಮುಂದೆ ಇರುತ್ತದೆ. ಆದರೆ ನಿಲ್ದಾಣದವರೆಗಿನ ದಾರಿ ಹತ್ತಿರ ಅಂತ ಅಲ್ಲಿಂದ ಮುಂದಿನ ದಾರಿ ಅಗ್ಗ ಆಗುವುದಿಲ್ಲ. ನಮ್ಮ ಲೆಕ್ಕದ ಪುಸ್ತಕದಲ್ಲಿ ಒಂದು ಕೆ.ಜಿ. ಹುರಿಹಿಟ್ಟನ್ನು ಅಮೆರಿಕಕ್ಕೆ ವಿಮಾನದಲ್ಲಿ ಕಳಿಸುವ ಬಾಡಿಗೆ ಹಿಟ್ಟಿನ ಬೆಲೆಗಿಂತ ಜಾಸ್ತಿ. ಹಿಟ್ಟಿಗಿಂತ ಹಿಟ್ಟು ಹೊರುವ ಕೂಲಿ ದೊಡ್ಡದಾದರೆ ಅಂಗಡಿಯವನು ಅದನ್ನು ಯಾರಿಗೆ ಮಾರುತ್ತಾನೆ, ಹೇಳಿ?

ನಮ್ಮ ಗೋದಾಮಿನಲ್ಲಿ ಎರಡು ಅಳತೆಯ ರಟ್ಟಿನ ಪೆಟ್ಟಿಗೆ ಇವೆ. ಎಲ್ಲ ಪಾಠವನ್ನೂ ನನಗೆ ಅವೇ ಕಲಿಸಿದವು.

ದೊಡ್ಡದು ಸಂಡಿಗೆ ಪೆಟ್ಟಿಗೆ. ಉದ್ದ 60 ಸೆಂಟಿಮೀಟರ್, ಅಗಲ 40, ಎತ್ತರ 40. ತುಂಬಿ ಟೇಪು ಹಾಕಿದ ಮೇಲೂ 7 ಕೆ.ಜಿ. ದಾಟುವುದಿಲ್ಲ. ಒಂದೇ ಕೈಯಲ್ಲಿ ಎತ್ತಬಹುದು. ಚಿಕ್ಕದು ಹುರಿಹಿಟ್ಟಿನದು. 40, 30, 30. ಅದು 20 ಕೆ.ಜಿ. ಬಗ್ಗಿ ಎತ್ತಿದರೆ ಸೊಂಟ ಹಿಡಿದುಕೊಳ್ಳುತ್ತದೆ. ಮೊದಲ ಸಲ ದುಬೈಗೆ ವಿಮಾನದಲ್ಲಿ ಕಳಿಸಿದಾಗ ಸಂಡಿಗೆ ಹಗುರ, ಬಾಡಿಗೆ ಕಮ್ಮಿ ಬರುತ್ತದೆ ಅಂದುಕೊಂಡಿದ್ದೆ. ಬಿಲ್ ನೋಡಿದರೆ 7 ಕೆ.ಜಿ. ಪೆಟ್ಟಿಗೆಗೆ 16 ಕೆ.ಜಿ. ಅಂತ ಬರೆದಿದ್ದರು. ಮೋಸ ಅಂದುಕೊಂಡು ಫೋನ್ ಮಾಡಿ ಜಗಳ ಆಡಿದೆ. ಆ ಕಡೆಯ ಹುಡುಗ ತಾಳ್ಮೆಯಿಂದ ಹೇಳಿದ: "ಮೇಡಂ, ಉದ್ದ, ಅಗಲ, ಎತ್ತರ ಮೂರನ್ನೂ ಗುಣಿಸಿ. ಬಂದಿದ್ದನ್ನು 6000ದಿಂದ ಭಾಗಿಸಿ. ಅದು ಒಂದು ತೂಕ. ತಕ್ಕಡಿಯದ್ದು ಇನ್ನೊಂದು ತೂಕ. ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಬಾಡಿಗೆ."

ಗುಣಿಸಿ ನೋಡಿದೆ. 96,000. ಭಾಗಿಸಿದರೆ 16. ಹುಡುಗ ಹೇಳಿದ್ದು ಸರಿ ಇತ್ತು. ವಿಮಾನದಲ್ಲಿ ಹಗುರವಾದ ದೊಡ್ಡ ಪೆಟ್ಟಿಗೆಯೂ ಜಾಗ ತಿನ್ನುತ್ತದೆ, ಅವರಿಗೆ ಜಾಗವೂ ದುಡ್ಡೇ. ಕೊರಿಯರ್ ಕಂಪನಿಗಳು ಸಾಮಾನ್ಯವಾಗಿ 5000ದಿಂದ ಭಾಗಿಸುತ್ತವೆ. ಅಲ್ಲಿ ಅದೇ ಪೆಟ್ಟಿಗೆ 19 ಕೆ.ಜಿ. ಮೀರುತ್ತದೆ.

ಹಡಗಿನ ಲೆಕ್ಕ ಬೇರೆ. ನಮ್ಮಂಥವರು ಪೂರ್ತಿ ಕಂಟೇನರ್ ತುಂಬಿಸಲಾರೆವು. ಹಲವರ ಮಾಲು ಒಂದೇ ಕಂಟೇನರಿನಲ್ಲಿ ಹೋಗುತ್ತದೆ, ಬಿಡಿ ಲೋಡು ಅನ್ನಿ. ಅದಕ್ಕೆ ಘನ ಮೀಟರಿನ ಲೆಕ್ಕದಲ್ಲಿ ಬಾಡಿಗೆ. ಒಂದು ಘನ ಮೀಟರಿನಲ್ಲಿ ಒಂದು ಟನ್ ದಾಟದಿದ್ದರೆ ತೂಕ ಯಾರೂ ಕೇಳುವುದಿಲ್ಲ. ನಮ್ಮಜ್ಜಿ ರಾಗಿಯನ್ನೂ ಪುರಿಯನ್ನೂ ಒಂದೇ ಸೇರಿನಲ್ಲಿ ಅಳೆಯುತ್ತಿದ್ದರು. ಸೇರು ರಾಗಿಯ ಭಾರ ಬೇರೆ, ಸೇರು ಪುರಿಯ ಭಾರ ಬೇರೆ, ಸೇರು ಮಾತ್ರ ಒಂದೇ. ಹಡಗಿನವರದು ಅಜ್ಜಿಯ ಸೇರಿನ ಲೆಕ್ಕ.

ಈಗ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. 27 ಹುರಿಹಿಟ್ಟಿನ ಪೆಟ್ಟಿಗೆ ಸೇರಿದರೆ ಹೆಚ್ಚೂಕಮ್ಮಿ ಒಂದು ಘನ ಮೀಟರ್, 540 ಕೆ.ಜಿ. ಸಂಡಿಗೆಯದು 10 ಪೆಟ್ಟಿಗೆಗೇ ಒಂದು ಘನ ಮೀಟರ್, ತೂಕ ಬರೀ 70 ಕೆ.ಜಿ. ಹಡಗಿನಲ್ಲಿ ಎರಡಕ್ಕೂ ಒಂದೇ ಬಾಡಿಗೆ. ವಿಮಾನದಲ್ಲಿ ಹಿಟ್ಟಿಗೆ 540 ಕೆ.ಜಿ. ಬಾಡಿಗೆ, ಸಂಡಿಗೆಗೆ 160 ಕೆ.ಜಿ. ಬಾಡಿಗೆ. ಅಂದರೆ ರಾಗಿಯಂಥ ಭಾರದ, ಅಗ್ಗದ, ಕೆಡದ ಪದಾರ್ಥಕ್ಕೆ ಹಡಗೇ ಗತಿ. ಅದನ್ನು ವಿಮಾನಕ್ಕೆ ಹತ್ತಿಸಿದರೆ ದೇವರೇ ಕಾಪಾಡಬೇಕು.

ಇದರಲ್ಲೇ ಒಂದು ಉಪಾಯವೂ ಇದೆ, ನನಗೆ ಗೊತ್ತಾಗಲು ಎರಡು ವರ್ಷ ಬೇಕಾಯಿತು. ಎರಡನ್ನೂ ವಿಮಾನದಲ್ಲೇ ಕಳಿಸಬೇಕಾಗಿ ಬಂದರೆ ಸಂಡಿಗೆಯನ್ನೇ ಬೇರೆ, ಹಿಟ್ಟನ್ನೇ ಬೇರೆ ಕಳಿಸಬೇಡಿ. 10 ಸಂಡಿಗೆ ಪೆಟ್ಟಿಗೆಗೆ 160 ಕೆ.ಜಿ., 9 ಹಿಟ್ಟಿನ ಪೆಟ್ಟಿಗೆಗೆ 180 ಕೆ.ಜಿ. ಬೇರೆ ಬೇರೆ ಬಿಲ್ ಆದರೆ 340 ಕೆ.ಜಿ.ಗೆ ದುಡ್ಡು ಕಟ್ಟಬೇಕು. ಅದೇ 19 ಪೆಟ್ಟಿಗೆಯನ್ನೂ ಒಂದೇ ಏರ್‌ವೇ ಬಿಲ್ಲಿನಲ್ಲಿ, ಅಂದರೆ ವಿಮಾನದವರು ಕೊಡುವ ಸಾಗಾಟದ ರಸೀದಿಯಲ್ಲಿ ಹಾಕಿಸಿ. ತಕ್ಕಡಿ ತೂಕ 70 ಮತ್ತು 180, ಒಟ್ಟು 250. ಅಳತೆ ತೂಕ 160 ಮತ್ತು 54, ಒಟ್ಟು 214. ದೊಡ್ಡದು 250, ಅಷ್ಟಕ್ಕೇ ಬಾಡಿಗೆ. 90 ಕೆ.ಜಿ. ಬಾಡಿಗೆ ಉಳಿಯಿತು, ಅಲ್ವಾ? ಹಗುರ ಇದ್ದದ್ದಕ್ಕೆ ಭಾರ ಇದ್ದದ್ದು ಜೊತೆ ಕೊಟ್ಟರೆ ಇಬ್ಬರ ಹೊರೆಯೂ ಇಳಿಯುತ್ತದೆ. ಆಮೇಲೆ ಸಂಡಿಗೆ ಪೆಟ್ಟಿಗೆಯ ಎತ್ತರವನ್ನೂ 35ಕ್ಕೆ ಇಳಿಸಿದೆವು. ಪೆಟ್ಟಿಗೆಗೆ 2 ಕೆ.ಜಿ. ಕಮ್ಮಿ ಆಯಿತು. ನಮ್ಮಲ್ಲಿ ಸಂಡಿಗೆ ತುಂಬುವ ಅಕ್ಕ ಮೊದಲು ಗಾಳಿ ಬಿಟ್ಟು ಪೊಟ್ಟಣ ಉಬ್ಬಿಸುತ್ತಿದ್ದರು, ಮುರಿಯದಿರಲಿ ಅಂತ. "ಗಾಳಿಗೂ ಬಾಡಿಗೆ ಕಟ್ತಿದೀವಿ ಅಕ್ಕಾ" ಅಂದ ಮೇಲೆ ಕೈ ಬಿಗಿ ಮಾಡಿಕೊಂಡರು.

ಹಡಗು ಯಾಕೆ ಇಷ್ಟು ಅಗ್ಗ ಅಂತ ನಮ್ಮ ಹುಡುಗಿಯರು ಕೇಳುತ್ತಾರೆ. ಒಂದು ದೊಡ್ಡ ಸರಕು ವಿಮಾನ ಹೊರುವುದು ಸುಮಾರು ನೂರರಿಂದ ನೂರಮೂವತ್ತು ಟನ್. 2021ರ ಮಾರ್ಚ್‌ನಲ್ಲಿ ಸೂಯೆಜ್ ಕಾಲುವೆಗೆ ಅಡ್ಡ ಸಿಕ್ಕಿಹಾಕಿಕೊಂಡ ಎವರ್ ಗಿವನ್ ಹಡಗು ನೆನಪಿದೆಯಾ? ಅದು ಇಪ್ಪತ್ತು ಅಡಿಯ 20 ಸಾವಿರಕ್ಕೂ ಜಾಸ್ತಿ ಕಂಟೇನರ್ ಹಿಡಿಸುವಂಥದ್ದು. ಎಣ್ಣೆ, ಸಿಬ್ಬಂದಿ, ಖರ್ಚು ಎಲ್ಲ ಅಷ್ಟು ಪೆಟ್ಟಿಗೆಗೆ ಹಂಚಿ ಹೋಗುತ್ತದೆ. ಹೊಗೆಯೂ ಹಾಗೆಯೇ. ಒಂದು ಟನ್ ಮಾಲನ್ನು ಅಷ್ಟೇ ದೂರ ಸಾಗಿಸಲು ವಿಮಾನ ಉಗುಳುವ ಇಂಗಾಲ ಹಡಗಿಗಿಂತ ಹತ್ತಾರು ಪಟ್ಟು ಜಾಸ್ತಿ.

ಹಾಗಂತ ಹಡಗು ಯಾವಾಗಲೂ ಅಗ್ಗ ಅನ್ನುವುದೂ ತಪ್ಪು. ನಾನು ಒಮ್ಮೆ ದುಬೈಗೆ ಬರೀ ಐದು ಪೆಟ್ಟಿಗೆ ಚಟ್ನಿಪುಡಿಯನ್ನು ಹಡಗಿಗೆ ಹಾಕಿದೆ. ಅರ್ಧ ಘನ ಮೀಟರ್ ಕೂಡ ಇರಲಿಲ್ಲ. ಆದರೂ ಒಂದು ಘನ ಮೀಟರಿಗೆ ಕಮ್ಮಿ ಬಿಲ್ ಮಾಡುವುದಿಲ್ಲ ಅಂದರು. ಅದು ಹೋಗಲಿ, ಆ ಕಡೆ ಇಳಿದ ಮೇಲೆ ಕಂಟೇನರ್ ಬಿಚ್ಚುವ ಖರ್ಚು, ಗೋದಾಮಿನ ಖರ್ಚು, ಡೆಲಿವರಿ ಆರ್ಡರ್ (ಮಾಲು ಬಿಡಿಸಿಕೊಳ್ಳುವ ಚೀಟಿ) ಖರ್ಚು, ಹೀಗೆ ಒಂದರ ಮೇಲೊಂದು. ಅಂಗಡಿಯವರು ಫೋನ್ ಮಾಡಿ, "ಅಮ್ಮಾ, ಪುಡಿಗಿಂತ ಜಾಸ್ತಿ ಇಲ್ಲಿ ಕಟ್ಟಿದೀನಿ" ಅಂದರು. ನಮ್ಮ ಕಡೆಯ ಬಾಡಿಗೆ ಮಾತ್ರ ನೋಡಿ ಅಗ್ಗ ಅಂದುಕೊಂಡಿದ್ದೆ. ಈಗ ದುಬೈಗೆ ನೂರು ಕೆ.ಜಿ. ಒಳಗಿನದು ಏನೇ ಇರಲಿ, ವಿಮಾನವೇ. ಹೊಸಬರು ಹಡಗಿನ ಬೆಲೆ ಕೇಳುವಾಗ ಆ ಕಡೆ ಏನೇನು ಬೀಳುತ್ತದೆ ಅಂತಲೂ ಬರಹದಲ್ಲಿ ಕೇಳಬೇಕು.

ಇನ್ನು ದಿನದ ಮಾತು. ಇದನ್ನು ಹೇಳಲು ಸಂಕಟ ಆಗುತ್ತದೆ, ಆದರೂ ಹೇಳುತ್ತೇನೆ.

2024ರ ಸಂಕ್ರಾಂತಿ ಜನವರಿ 15ಕ್ಕೆ ಇತ್ತು. ನ್ಯೂಜೆರ್ಸಿಯ ಅಂಗಡಿಗೆ 40 ಪೆಟ್ಟಿಗೆ ಎಳ್ಳು-ಬೆಲ್ಲ, 600 ಕೆ.ಜಿ. ಆರ್ಡರ್. ನಮ್ಮ ಪಾಲಿಗೆ ಅದುವರೆಗಿನ ಎಲ್ಲಕ್ಕಿಂತ ದೊಡ್ಡ ಆರ್ಡರ್. ದಸರಾ ಮುಗಿದಿದ್ದೇ ಕೊಬ್ಬರಿ ಹೆಚ್ಚಲು ಕೂತೆವು. ಎಳ್ಳೆಣ್ಣೆ ವಾಸನೆ ಬಾರದ ಹಾಗೆ ಹದವಾಗಿ ಎಳ್ಳು ಹುರಿಯಬೇಕು. ಬೆಲ್ಲದ ಅಚ್ಚನ್ನು ಅಡಕತ್ತರಿಯಲ್ಲಿ ಒಂದೇ ಅಳತೆಗೆ ಕತ್ತರಿಸಬೇಕು. ಹದಿನಾಲ್ಕು ಜನರ ಬೆರಳಿನಲ್ಲೂ ಗುಳ್ಳೆ ಎದ್ದಿದ್ದವು. ನವೆಂಬರ್ ಎರಡನೇ ವಾರ ಲಾರಿ ಹೊರಟಿತು. ಚೆನ್ನೈ ಬಂದರಿನಿಂದ ಕೊಲಂಬೊ, ಅಲ್ಲಿ ದೊಡ್ಡ ಹಡಗಿಗೆ ಬದಲಾಗಿ ಕೆಂಪು ಸಮುದ್ರ, ಸೂಯೆಜ್ ಕಾಲುವೆ ದಾಟಿ ನ್ಯೂಯಾರ್ಕ್. ಡಿಸೆಂಬರ್ ಕೊನೆಗೆ ತಲುಪುತ್ತದೆ ಅಂದಿದ್ದರು. ಹದಿನೈದು ದಿನ ಕೈಯಲ್ಲಿ ಉಳಿಯುತ್ತದೆ ಅಂತ ನಾವು ನೆಮ್ಮದಿಯಿಂದ ಇದ್ದೆವು.

ನವೆಂಬರ್ 19ಕ್ಕೆ ಕೆಂಪು ಸಮುದ್ರದಲ್ಲಿ ಯೆಮನ್ನಿನ ಹೂಥಿ ಬಂಡುಕೋರರು ಗ್ಯಾಲಕ್ಸಿ ಲೀಡರ್ ಅನ್ನುವ ಹಡಗನ್ನು ಹಿಡಿದರು. ಟಿವಿಯಲ್ಲಿ ಹೆಲಿಕಾಪ್ಟರಿನಿಂದ ಇಳಿಯುವ ದೃಶ್ಯ ನೋಡಿದೆ. ಎಲ್ಲೋ ಯೆಮನ್ ಹತ್ತಿರದ ಗಲಾಟೆ ಚಿಂತಾಮಣಿಯ ಎಳ್ಳು-ಬೆಲ್ಲಕ್ಕೆ ಬಂದು ತಟ್ಟುತ್ತದೆ ಅಂತ ಆಗ ತೋಚಲೇ ಇಲ್ಲ. ಡಿಸೆಂಬರ್ ಮಧ್ಯದ ಹೊತ್ತಿಗೆ ದೊಡ್ಡ ದೊಡ್ಡ ಹಡಗು ಕಂಪನಿಗಳೆಲ್ಲ ಆ ದಾರಿ ಬಿಟ್ಟು ಆಫ್ರಿಕಾದ ತುದಿ, ಗುಡ್ ಹೋಪ್ ಭೂಶಿರ ಸುತ್ತಿಕೊಂಡು ಹೋಗಲು ಶುರು ಮಾಡಿದವು. ನಮ್ಮ ಪೆಟ್ಟಿಗೆ ಇದ್ದ ಹಡಗೂ ತಿರುಗಿತು. ಫಾರ್ವರ್ಡರ್, ಅಂದರೆ ನಮ್ಮ ಸಾಗಾಟದ ಏಜೆಂಟ್ ಕಡೆಯಿಂದ ಬಂದ ಮೆಸೇಜಿನಲ್ಲಿ ಒಂದೇ ಸಾಲು, ಹೊಸ ತಾರೀಖು. ಜನವರಿ 22.

ಆ ರಾತ್ರಿ ನಾನು ಯಾರಿಗೂ ಹೇಳಲಿಲ್ಲ. ಬೆಳಿಗ್ಗೆ ಹೇಳಿದಾಗ ನಮ್ಮಲ್ಲಿ ಎಲ್ಲರಿಗಿಂತ ಹಿರಿಯರಾದ ದೊಡ್ಡಮ್ಮ ಸೆರಗಿನಿಂದ ಕೈ ಒರೆಸಿಕೊಂಡು, "ಹಬ್ಬದ ದಿನ ಬೀರದ ಎಳ್ಳು ಯಾರಿಗೆ ಬೇಕವ್ವಾ" ಅಂದರು. ಅಷ್ಟೇ. ಮತ್ತೆ ಬಾಂಡ್ಲಿ ಒಲೆ ಮೇಲಿಟ್ಟೆವು. ನಾಲ್ಕು ದಿನದಲ್ಲಿ 6 ಪೆಟ್ಟಿಗೆ, 90 ಕೆ.ಜಿ. ಮಾಡಿ ವಿಮಾನಕ್ಕೆ ಕೊಂಡೊಯ್ದೆವು. ಅಲ್ಲಿ ಕೌಂಟರಿನ ಹುಡುಗಿ ಹೇಳಿದ್ದು ಇವತ್ತಿಗೂ ಉಪಯೋಗಕ್ಕೆ ಬರುತ್ತಿದೆ. "ಮೇಡಂ, 100 ಕೆ.ಜಿ. ಮೇಲಿನ ದರ ಕಮ್ಮಿ. 90ಕ್ಕೆ ಬಿಲ್ ಮಾಡೋದಕ್ಕಿಂತ 100 ಅಂತ ಮಾಡಿದ್ರೆ ನಿಮಗೇ ಉಳಿತಾಯ." ವಿಮಾನದ ದರ 45, 100, 300, 500 ಕೆ.ಜಿ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಮೆಟ್ಟಿಲ ಹತ್ತಿರ ಇದ್ದರೆ ಹತ್ತಿಬಿಡುವುದು ಲಾಭ. ಮೊದಲೇ ಗೊತ್ತಿದ್ದಿದ್ದರೆ ಇನ್ನೂ 10 ಕೆ.ಜಿ. ಸಕ್ಕರೆ ಅಚ್ಚು ಅದೇ ದುಡ್ಡಿಗೆ ಹೋಗುತ್ತಿತ್ತು.

ಆ 90 ಕೆ.ಜಿ. ನಾಲ್ಕನೇ ದಿನ ಅಂಗಡಿ ಸೇರಿತು. ಲಾಭ ಒಂದು ರೂಪಾಯಿ ಉಳಿಯಲಿಲ್ಲ, ಆದರೆ ಅಂಗಡಿಯವರ ಮುಂದೆ ಮುಖ ಉಳಿಯಿತು. ಹಡಗಿನ 40 ಪೆಟ್ಟಿಗೆ ಬಂದರು, ಕಸ್ಟಮ್ಸ್, ಗೋದಾಮು ಎಲ್ಲ ದಾಟಿ ಅಂಗಡಿಗೆ ಬಂದಿದ್ದು ಫೆಬ್ರುವರಿ ಮೊದಲ ವಾರ. ಅರ್ಧ ಬೆಲೆಗೆ ಮಾರಿದರು.

ಅದರ ಫೋಟೊ ಕಳಿಸಿದ್ದರು. ಪೊಟ್ಟಣದ ಒಳಗೆ ಬೆಲ್ಲ ಬೆವೆತು ಎಳ್ಳಿಗೆ ಅಂಟಿಕೊಂಡಿತ್ತು. ಮೇಲಿನ ಸಾಲಿನ ನಾಲ್ಕು ಪೆಟ್ಟಿಗೆಯ ರಟ್ಟು ಒದ್ದೆಯಾಗಿ ಒಣಗಿದ ಗುರುತು. ಸಮುದ್ರದ ನೀರು ನುಗ್ಗಿದೆ ಅಂದುಕೊಂಡೆ. ಅಲ್ಲ. ಚೆನ್ನೈನ ಸೆಕೆಯಲ್ಲಿ ಬಾಗಿಲು ಹಾಕಿದ ಕಬ್ಬಿಣದ ಪೆಟ್ಟಿಗೆ ಅದು. ಒಳಗಿನ ಗಾಳಿಯಲ್ಲಿ, ರಟ್ಟಿನಲ್ಲಿ, ಮರದ ಪ್ಯಾಲೆಟ್ಟಿನಲ್ಲಿ ತೇವ ಇರುತ್ತದೆ. ಹಡಗು ಚಳಿಯ ಸೀಮೆಗೆ ಹೋದಾಗ ಕಂಟೇನರಿನ ಮಾಡು ತಣ್ಣಗಾಗುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳದಲ್ಲಿ ನೀರು ಕಟ್ಟಿ ಇಡ್ಲಿ ಮೇಲೆ ತೊಟ್ಟಿಕ್ಕುತ್ತದಲ್ಲ, ಹಾಗೆಯೇ ಮಾಡಿನಿಂದ ಹನಿ ಬೀಳುತ್ತದೆ. ಆ ಕೆಲಸದವರು ಇದನ್ನು ಕಂಟೇನರ್ ಮಳೆ ಅನ್ನುತ್ತಾರೆ. ಇಡ್ಲಿಗೆ ನಾವು ಮುಚ್ಚಳದ ಕೆಳಗೆ ಬಟ್ಟೆ ಕಟ್ಟುವುದಿಲ್ಲವೇ? ಇಲ್ಲಿಯೂ ಅದೇ ಉಪಾಯ. ತೇವ ಹೀರುವ ಚೀಲಗಳನ್ನು ಕಂಟೇನರಿನ ಗೋಡೆಗೆ ನೇತುಹಾಕಿಸಬೇಕು, ಪೆಟ್ಟಿಗೆಯ ಒಳಗೆ ದಪ್ಪ ಪ್ಲಾಸ್ಟಿಕ್ ಹಾಸಬೇಕು, ಪೊಟ್ಟಣ ಅಲ್ಯೂಮಿನಿಯಂ ಹಾಳೆಯದ್ದಾಗಿರಬೇಕು. ಮೇ ತಿಂಗಳ ಬಿಸಿಲಿನಲ್ಲಿ ಸಂಡಿಗೆಯನ್ನು ಇನ್ನೊಂದು ದಿನ ಜಾಸ್ತಿ ಒಣಗಿಸುತ್ತೇವೆ. ಕೈಯಲ್ಲಿ ಮುರಿದರೆ ಟಕ್ ಅನ್ನಬೇಕು, ಬಾಗಬಾರದು. ಮಳೆಗಾಲದಲ್ಲಿ ಮಾಡಿದ ಸಂಡಿಗೆಯನ್ನು ಹಡಗಿಗೆ ಕೊಡುವುದೇ ಇಲ್ಲ.

ಇನ್ನೊಂದು ಸಲ ಹುರಿಹಿಟ್ಟಿಗೆ ಅಗರಬತ್ತಿಯ ವಾಸನೆ ಹಿಡಿದಿತ್ತು. ಬಿಡಿ ಲೋಡಿನಲ್ಲಿ ಪಕ್ಕದಲ್ಲಿ ಯಾರ ಮಾಲು ಕೂರುತ್ತದೆ ಅಂತ ನಮಗೆ ಗೊತ್ತಿರುವುದಿಲ್ಲ. ತಿಂಗಳುಗಟ್ಟಲೆ ಒಂದೇ ಕೋಣೆಯಲ್ಲಿ ಹಿಟ್ಟು ಮತ್ತು ಅಗರಬತ್ತಿ. ಮಗುವಿಗೆ ಕಲಸಿ ಕೊಡುವ ಹಿಟ್ಟು ಅದು. ಅಂಗಡಿಯವರು ವಾಪಸ್ ಕೇಳಲಿಲ್ಲ, ನಾವೇ ದುಡ್ಡು ಬಿಟ್ಟೆವು.

ಇಷ್ಟೆಲ್ಲ ಆದ ಮೇಲೂ ನಾನು ಹಡಗನ್ನು ಬಿಟ್ಟಿಲ್ಲ. ಯಾಕೆಂದರೆ ವಿಮಾನವನ್ನೂ ಕಣ್ಣು ಮುಚ್ಚಿ ನಂಬಲು ಆಗುವುದಿಲ್ಲ. ವಿಮಾನದಲ್ಲಿ ಹೋಗುವ ಸರಕಿನಲ್ಲಿ ಸುಮಾರು ಅರ್ಧದಷ್ಟು ನಾವು ನೀವು ಕೂತು ಹೋಗುವ ಪ್ರಯಾಣಿಕರ ವಿಮಾನದ ಹೊಟ್ಟೆಯಲ್ಲೇ ಹೋಗುತ್ತದೆ. 2020ರ ಮಾರ್ಚ್‌ನಲ್ಲಿ ಪ್ರಯಾಣಿಕರ ವಿಮಾನ ನಿಂತಾಗ ಆ ಜಾಗವೇ ಮಾಯವಾಯಿತು. ಇದ್ದಬದ್ದ ಸರಕು ವಿಮಾನಗಳ ಬಾಡಿಗೆ ಆಕಾಶಕ್ಕೇರಿತು. ನಾವು ಆಗತಾನೇ ಶುರು ಮಾಡಿದ್ದೆವು, ಮೂರು ತಿಂಗಳು ಒಂದು ಪೆಟ್ಟಿಗೆ ಕಳಿಸಲಿಲ್ಲ. ಅದಾದ ಮರುವರ್ಷ ಹಡಗಿನ ಕಂಟೇನರಿಗೂ ಬರ ಬಂತು, ಅದರ ಬಾಡಿಗೆಯೂ ಹಲವು ಪಟ್ಟು ಏರಿತು. ಎರಡು ದಾರಿಯೂ ಕೈಕೊಡುತ್ತವೆ. ಅದಕ್ಕೇ ಎರಡನ್ನೂ ಬಲ್ಲವರಾಗಿರಬೇಕು.

ಈಗ ನಮ್ಮ ಪದ್ಧತಿ ಹೀಗಿದೆ. ಹಿಟ್ಟು, ಹಪ್ಪಳ, ಬಾಳಕ, ಇವು ವರ್ಷವಿಡೀ ಮಾರುವ ಮಾಲು, ತಾರೀಖಿನ ಹಂಗಿಲ್ಲ. ಅವು ಹಡಗಿಗೆ. ಎಳ್ಳು-ಬೆಲ್ಲದಲ್ಲಿ ಮುಕ್ಕಾಲು ಪಾಲು ಅಕ್ಟೋಬರ್ ಮೊದಲ ವಾರವೇ ಹಡಗಿಗೆ, ಉಳಿದ ಕಾಲು ಪಾಲು ಡಿಸೆಂಬರ್ ಕೊನೆಗೆ ತಾಜಾ ಮಾಡಿ ವಿಮಾನಕ್ಕೆ. ಹಡಗಿನದು ತಡವಾದರೆ ಕಾಲು ಪಾಲಾದರೂ ಹಬ್ಬಕ್ಕೆ ಇರುತ್ತದೆ. ಅಂಗಡಿಯವರು ತಾಜಾ ಇರುವುದಕ್ಕೆ ಸ್ವಲ್ಪ ಜಾಸ್ತಿ ಬೆಲೆ ಕೊಡಲು ಒಪ್ಪಿದ್ದಾರೆ.

ವಿಮಾನಕ್ಕೇ ಹುಟ್ಟಿದ ಪದಾರ್ಥಗಳೂ ನಮ್ಮ ಜಿಲ್ಲೆಯಲ್ಲಿ ಇವೆ. ಪಾಲಿಹೌಸಿನ ಗುಲಾಬಿ ಸಂಜೆ ಕೊಯ್ದು ಬೆಳಿಗ್ಗೆ ಹೋಗಲೇಬೇಕು. ಶಿಡ್ಲಘಟ್ಟದ ರೇಷ್ಮೆಯಿಂದ ನೇಯ್ದ ಸೀರೆಗೆ ಬೆಲೆಯ ಮುಂದೆ ವಿಮಾನದ ಬಾಡಿಗೆ ಲೆಕ್ಕಕ್ಕಿಲ್ಲ. ಅದೇ ನಮ್ಮ ಕಡೆಯ ರೋಸ್ ಈರುಳ್ಳಿ ನೋಡಿ. ಮಲೇಷ್ಯಾ, ಸಿಂಗಪುರದವರು ಅದನ್ನು ತಿನ್ನುತ್ತಿರುವುದು ಚೆನ್ನೈ ಬಂದರಿನ ಹಡಗಿನಿಂದ. ಒಂದು ದಿನವಾದರೂ ವಿಮಾನ ಬೇಕು ಅಂದಿಲ್ಲ. ಗುಲಾಬಿಯ ವಿಷಯದಲ್ಲೂ ಕಾಲ ಬದಲಾಗುತ್ತಿದೆ. ಕೀನ್ಯಾದವರು ತಮ್ಮ ಗುಲಾಬಿಯಲ್ಲಿ ಒಂದು ಪಾಲನ್ನು ತಣ್ಣನೆಯ ಕಂಟೇನರಿನಲ್ಲಿಟ್ಟು ಮೊಂಬಾಸಾದಿಂದ ಯೂರೋಪಿಗೆ ಹಡಗಿನಲ್ಲೇ ಕಳಿಸುತ್ತಿದ್ದಾರೆ. ಸರಿಯಾದ ತಳಿ, ಕೊಯ್ದ ಗಳಿಗೆಯಿಂದ ಮುರಿಯದ ಥಂಡಿ, ಇವೆರಡಿದ್ದರೆ ಹೂವೂ ವಾರಗಟ್ಟಲೆ ಕಾಯುತ್ತದೆ. ನಮ್ಮ ಹೂವಿನ ರೈತರು ಇದನ್ನು ಗಮನಿಸಬೇಕು.

ಕಾಗದದ ವಿಷಯ ಎರಡು ಮಾತಿನಲ್ಲಿ ಹೇಳುತ್ತೇನೆ, ಏಕೆಂದರೆ ಇಲ್ಲಿ ಎಡವಿದರೆ ಮಾಲೇ ಹೋಗುತ್ತದೆ. ಹಡಗಿನವರು ಕೊಡುವ ಬಿಲ್ ಆಫ್ ಲೇಡಿಂಗ್ ಮಾಲಿನ ಮೇಲಿನ ಹಕ್ಕುಪತ್ರ. ಅದರ ಅಸಲು ಯಾರ ಕೈಯಲ್ಲಿದೆಯೋ ಅವರಿಗೇ ಮಾಲು. 1856ರಿಂದ ಇದ್ದ ಹಳೇ ಕಾನೂನಿನ ಜಾಗಕ್ಕೆ 2025ರಲ್ಲಿ ಹೊಸ ಕಾನೂನು ಬಂದಿದೆ, ಆದರೆ ಈ ಮೂಲ ಮಾತು ಹಾಗೇ ಇದೆ. ವಿಮಾನದ ಏರ್‌ವೇ ಬಿಲ್ ಹಾಗಲ್ಲ, ಅದು ಬರೀ ರಸೀದಿ. ಅದರಲ್ಲಿ ಯಾರ ಹೆಸರು ಬರೆದಿದೆಯೋ ಅವರು ಗುರುತು ತೋರಿಸಿ ಮಾಲು ಬಿಡಿಸಿಕೊಳ್ಳಬಹುದು, ನಿಮಗೆ ದುಡ್ಡು ಕೊಟ್ಟಿರಲಿ ಬಿಡಲಿ. ಒಬ್ಬ ಹೊಸ ಗಿರಾಕಿ ಹೀಗೆ ವಿಮಾನದ ಮಾಲು ಬಿಡಿಸಿಕೊಂಡು ನಾಲ್ಕು ತಿಂಗಳು ಫೋನ್ ಎತ್ತಲಿಲ್ಲ. ಗುರುತಿಲ್ಲದವರಿಗೆ ವಿಮಾನದಲ್ಲಿ ಕಳಿಸುವಾಗ ಮೊದಲೇ ಹಣ ತೆಗೆದುಕೊಳ್ಳಿ, ಇಲ್ಲವೇ ಅವರ ಬ್ಯಾಂಕಿನ ಒಪ್ಪಿಗೆ ಪಡೆದು ಬ್ಯಾಂಕಿನ ಹೆಸರಿಗೆ ಕಳಿಸಿ. ಅಮೆರಿಕಕ್ಕೆ ತಿಂಡಿ ಕಳಿಸುವವರು ಅಲ್ಲಿನ ಆಹಾರ-ಔಷಧ ಇಲಾಖೆ ಎಫ್‌ಡಿಎಗೆ ಮುಂಚೆಯೇ ತಿಳಿಸಬೇಕು. ವಿಮಾನವಾದರೆ ತಲುಪುವ 4 ಗಂಟೆ ಮೊದಲು, ಹಡಗಾದರೆ 8 ಗಂಟೆ ಮೊದಲು. ಹಡಗಿಗೆ ಇನ್ನೊಂದು ವಿವರಪಟ್ಟಿ ಇದೆ, ಅದನ್ನು ಕಂಟೇನರ್ ಹಡಗು ಹತ್ತುವ 24 ಗಂಟೆ ಮೊದಲೇ ಅಲ್ಲಿನ ಕಸ್ಟಮ್ಸ್‌ಗೆ ಕೊಡಬೇಕು.

ವಿಮೆ ಮಾತ್ರ ಎರಡಕ್ಕೂ ಮಾಡಿಸಿ. ವಿಮಾನ ಕಂಪನಿಯ ಹೊಣೆಗೆ ಕೆ.ಜಿ.ಗೆ ಇಷ್ಟೇ ಎಂಬ ಮಿತಿ ಇದೆ. ಹಪ್ಪಳಕ್ಕೆ ಅದು ಸಾಕಾಗಬಹುದು, ರೇಷ್ಮೆ ಸೀರೆಗೆ ಸಾಲದು. ಹಡಗಿನಲ್ಲಿ ಇನ್ನೊಂದು ಹಳೇ ಕಟ್ಟಳೆ ಇದೆ. ಅಪಾಯದಲ್ಲಿರುವ ಹಡಗನ್ನು ಉಳಿಸಲು ಆದ ನಷ್ಟವನ್ನು ಹಡಗಿನ ಒಡೆಯರ ಜೊತೆ ಮಾಲಿನ ಒಡೆಯರೆಲ್ಲ ಹಂಚಿಕೊಳ್ಳಬೇಕು, ನಮ್ಮ ಮಾಲಿಗೆ ಏನೂ ಆಗದಿದ್ದರೂ. ಎವರ್ ಗಿವನ್ ಹಡಗಿನಲ್ಲಿ ಮಾಲು ಇದ್ದವರಿಗೆ ಹೀಗೇ ಆಯಿತು. ವಿಮೆ ಇದ್ದವರ ಪರವಾಗಿ ವಿಮೆಯವರು ನೋಡಿಕೊಳ್ಳುತ್ತಾರೆ.

ಈಗ ನನ್ನ ಕೋರಿಕೆ. ಕಿರು ಆಹಾರ ಉದ್ಯಮಗಳ ಕೇಂದ್ರ ಯೋಜನೆಯಲ್ಲಿ ಯಂತ್ರಕ್ಕೆ ಶೇ 35 ಸಹಾಯಧನ ಸಿಗುತ್ತಿತ್ತು. ನಮ್ಮ ಪೊಟ್ಟಣ ಕಟ್ಟುವ ಯಂತ್ರ ಬಂದಿದ್ದೂ ಹಾಗೆಯೇ, ಅದಕ್ಕೆ ಋಣಿ. ನಾನು ಹೋದ ತರಬೇತಿಗಳಲ್ಲೆಲ್ಲ ಬ್ರ್ಯಾಂಡ್, ಲೇಬಲ್, ಮೊಬೈಲಿನಲ್ಲಿ ಫೋಟೊ ತೆಗೆಯುವುದನ್ನು ಕಲಿಸಿದರು. ಪೆಟ್ಟಿಗೆಗೆ ಟೇಪು ಹಿಡಿದು ಘನ ಮೀಟರ್ ಲೆಕ್ಕ ಹಾಕುವುದನ್ನು ಒಬ್ಬರೂ ಕಲಿಸಲಿಲ್ಲ. ಒಂದು ಮಧ್ಯಾಹ್ನದ ಪಾಠ ಅದು. ಎಸ್ಸೆಸ್ಸೆಲ್ಸಿ ಓದಿದ ಯಾರಿಗೂ ಬರುತ್ತದೆ. ಅದನ್ನು ತರಬೇತಿಯಲ್ಲಿ ಸೇರಿಸಿ ಅಂತ ಸಂಬಂಧಪಟ್ಟವರಲ್ಲಿ ಕೈಮುಗಿದು ಕೇಳುತ್ತೇನೆ.

ಎರಡನೆಯದು ದೊಡ್ಡದು. ಇಪ್ಪತ್ತು ಅಡಿಯ ಕಂಟೇನರಿನ ಒಳಗೆ 33 ಘನ ಮೀಟರ್ ಜಾಗ. ಪೇರಿಸುವಾಗ ಬಿಟ್ಟುಹೋಗುವ ಸಂದಿ ಕಳೆದರೆ 27, 28 ಸಿಗುತ್ತದೆ. ನಮ್ಮಂಥ ಹನ್ನೆರಡು ಗುಂಪು ತಲಾ ಎರಡೂಕಾಲು ಘನ ಮೀಟರ್ ತಂದರೆ ಒಂದು ಕಂಟೇನರ್ ತುಂಬಿತು. ಚಿಕ್ಕಬಳ್ಳಾಪುರ ಮತ್ತು ಕೋಲಾರ ಎರಡೂ ಜಿಲ್ಲೆ ಸೇರಿದರೆ ಅಂಥ ಹನ್ನೆರಡು ಗುಂಪು ಸಿಗುವುದಿಲ್ಲವೇ? ಬಾಡಿಗೆ ಇಳಿಯುತ್ತದೆ. ಪಕ್ಕದಲ್ಲಿ ಅಗರಬತ್ತಿ ಇರುವುದಿಲ್ಲ, ಎಲ್ಲ ತಿನ್ನುವ ಪದಾರ್ಥವೇ. ತೇವ ಹೀರುವ ಚೀಲ ನಾವೇ ಕಟ್ಟಬಹುದು, ನಮ್ಮ ಕಣ್ಣ ಮುಂದೆಯೇ ಬಾಗಿಲಿಗೆ ಸೀಲ್ ಹಾಕಿಸಬಹುದು. ವೈಟ್‌ಫೀಲ್ಡಿನ ಒಳನಾಡು ಕಂಟೇನರ್ ಡಿಪೊದಲ್ಲೇ ಕಸ್ಟಮ್ಸ್ ಮುಗಿಸಿ ರೈಲಿನಲ್ಲಿ ಬಂದರಿಗೆ ಕಳಿಸುವ ಅನುಕೂಲವೂ ಇದೆ. ಬೇಕಾಗಿರುವುದು ಮಳೆ ಸೋರದ ಒಂದು ಗೋದಾಮು, ಒಂದು ವೇಬ್ರಿಡ್ಜ್, ತಿಂಗಳಿಗೊಂದು ಗೊತ್ತಾದ ತಾರೀಖು. ಎಪಿಎಂಸಿ ಅಂಗಳದಲ್ಲಿ ವರ್ಷದ ಕೆಲವು ತಿಂಗಳು ಬೀಗ ಹಾಕಿಕೊಂಡಿರುವ ಮಳಿಗೆಗಳನ್ನು ನಾನೇ ನೋಡಿದ್ದೇನೆ, ಅದರಲ್ಲಿ ಒಂದು ಸಾಕು.

ಸರ್ಕಾರದ ಕೆಲಸ ನಿಧಾನ ಆಗಬಹುದು. ಅಷ್ಟರೊಳಗೆ ನಾವೇ ಶುರು ಮಾಡೋಣ ಅನ್ನಿಸಿದೆ. ಬರುವ ಸಂಕ್ರಾಂತಿಯ ಮಾಲು ಅಕ್ಟೋಬರ್ ಮೊದಲ ವಾರ ಹೊರಡುತ್ತದೆ. ನ್ಯೂಜೆರ್ಸಿ ಕಡೆಗೆ ಕೆಡದ ತಿಂಡಿ ಪದಾರ್ಥ ಕಳಿಸುವ ಗುಂಪುಗಳು ನಮ್ಮ ಎರಡು ಜಿಲ್ಲೆಯಲ್ಲಿ ಯಾರಾದರೂ ಇದ್ದರೆ ಇದೇ ಅಂಕಣಕ್ಕೆ ಬರೆಯಲಿ, ಪೆಟ್ಟಿಗೆ ಎಷ್ಟು, ಅಳತೆ ಎಷ್ಟು, ಒಂದೊಂದರ ತೂಕ ಎಷ್ಟು ಅಂತ. ಸೆಪ್ಟೆಂಬರ್ 10ರೊಳಗೆ ಗೊತ್ತಾದರೆ ಕಂಟೇನರ್ ಬುಕ್ ಮಾಡಲು ಸಮಯ ಇರುತ್ತದೆ. ನಮ್ಮದು 8 ಘನ ಮೀಟರ್ ಖಂಡಿತ ಇದೆ. ಇನ್ನು 20 ಬೇಕು.

ಇಂತಿ,
ಹಪ್ಪಳ-ಸಂಡಿಗೆ ಘಟಕದ ಓದುಗಿ
ಚಿಂತಾಮಣಿ, ಚಿಕ್ಕಬಳ್ಳಾಪುರ ಜಿಲ್ಲೆ